ಚೂರುಚೂರಾದ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನು ಉಳಿಸಿಕೊಳ್ಳುವ ಬಗೆ: ಮಧುಗಿರಿ ಸೀಮೆಗೊಂದು ಸಮಗ್ರ ಮಾರ್ಗದರ್ಶಿ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಮೈದನಹಳ್ಳಿಯ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಚದರ ಕಿಲೋಮೀಟರಿನ ಲೆಕ್ಕದಲ್ಲಿ ಇದು ಮೂರೂಕಾಲನ್ನೂ ಮುಟ್ಟುವುದಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ ಎಂಬುದನ್ನು ನೆನೆದರೆ ಮೈದನಹಳ್ಳಿಯ ಬಯಲು ಎಷ್ಟು ಕಿರಿದೆಂದು ತಿಳಿಯುತ್ತದೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಗೆ ಈ ತುದಿಯಿಂದ ಆ ತುದಿಗೆ ಹೋಗಲು ಕೆಲವೇ ನಿಮಿಷ ಸಾಕು. ಆದ್ದರಿಂದ ಇಲ್ಲಿನ ಹಿಂಡುಗಳು ಮೀಸಲಿನೊಳಗೆ ಮಾತ್ರ ಬದುಕುತ್ತಿವೆ ಎಂದುಕೊಳ್ಳುವುದು ತಪ್ಪು. ಸುತ್ತಲಿನ ಬೀಳು ಹೊಲ, ಗೋಮಾಳ, ಬತ್ತಿದ ಕೆರೆಯಂಗಳ, ಕೊಯ್ಲು ಮುಗಿದ ಕಡಲೇಕಾಯಿ ಹೊಲ ಇವೆಲ್ಲವೂ ಸೇರಿಯೇ ಅವುಗಳ ಮನೆ. ಸಣ್ಣ ಹುಲ್ಲುಗಾವಲಿನ ಹಿಂಡು ಉಳಿಯುವುದೂ ಅಳಿಯುವುದೂ ಮುಖ್ಯವಾಗಿ ಗಡಿಕಲ್ಲಿನ ಆಚೆಗಿನ ನೆಲದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ಪ್ರತಿಯೊಂದು ಹಂತವೂ ಆ ಅಭಿಪ್ರಾಯದ ಮೇಲೆಯೇ ನಿಂತಿದೆ.

ಈ ಬರಹ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ, ಶಿಕ್ಷಕರಿಗೆ, ಯುವಕ ಸಂಘಗಳಿಗೆ ಮತ್ತು ಹೊಲದ ಬದುವಿನಲ್ಲಿ ನಿಂತು ದಿನವೂ ಹಿಂಡನ್ನು ನೋಡುವ ರೈತರಿಗೆ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಮಾಡಬಾರದ ಕೆಲಸಗಳು ಯಾವುವು ಎಂಬುದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಹಂತ 1: ಪ್ರಾಣಿಗೆ ಬೇಕಾದ ನೆಲ ಯಾವುದೆಂದು ತಿಳಿಯುವುದು

ತುಮಕೂರು ಜಿಲ್ಲೆಯಲ್ಲಿ ಕೃಷ್ಣಮೃಗವಲ್ಲದೆ ಇನ್ನೆರಡು ಬಗೆಯ ಹುಲ್ಲೆಗಳಿವೆ. ಸಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರವೂ ಕೊಂಡುಕುರಿಯೂ ಇವೆ. ಆ ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಅದರ ವಿಸ್ತೀರ್ಣ ಸುಮಾರು 136 ಚದರ ಕಿಲೋಮೀಟರ್. ಚಿಂಕಾರ ಮತ್ತು ಕೊಂಡುಕುರಿಗೆ ಪೊದೆಯ ಮರೆ ಬೇಕು. ಕೃಷ್ಣಮೃಗಕ್ಕೆ ಮರೆ ಎಂದರೆ ಅಪಾಯ. ತೋಳವೋ ನಾಯಿಯೋ ದೂರದಲ್ಲಿರುವಾಗಲೇ ಕಂಡು ಓಡುವುದೇ ಅದರ ರಕ್ಷಣೆ. ಹಾಗಾಗಿ ಕಣ್ಣು ಹಾಯಿಸಿದಷ್ಟೂ ತೆರೆದಿರುವ, ಹುಲ್ಲು ಗಿಡ್ಡಗಿರುವ ಬಯಲನ್ನೇ ಅದು ಆರಿಸಿಕೊಳ್ಳುತ್ತದೆ. ಇಲ್ಲಿ ಹೇಳುವ ಕ್ರಮಗಳು ಕೃಷ್ಣಮೃಗದ ಬಯಲಿಗೆ ಮಾತ್ರ ಅನ್ವಯಿಸುತ್ತವೆ. ಬುಕ್ಕಾಪಟ್ಟಣದ ಕುರುಚಲನ್ನು ಸವರಿ ಬಯಲು ಮಾಡಲು ಯಾರೂ ಇವನ್ನು ಆಧಾರವಾಗಿ ಬಳಸಬಾರದು.

ಬಯಲು ತೆರೆದಿರಬೇಕಾದರೂ ಎಲ್ಲೆಡೆ ಒಂದೇ ಎತ್ತರದ ಹುಲ್ಲಿದ್ದರೆ ಸಾಲದು. ಈದ ತಾಯಿ ಮರಿಯನ್ನು ಮೊದಲ ಕೆಲವು ದಿನ ಎತ್ತರದ ಹುಲ್ಲಿನ ಪೊದರುಗಳ ನಡುವೆ ಅಡಗಿಸಿಟ್ಟು ತಾನು ದೂರದಲ್ಲಿ ಮೇಯುತ್ತದೆ. ಆದ್ದರಿಂದ ಮೇಯಲು ಗಿಡ್ಡ ಹುಲ್ಲು, ಮರಿ ಅಡಗಲು ಮೊಣಕಾಲೆತ್ತರದ ಹುಲ್ಲು, ಮಧ್ಯಾಹ್ನದ ಬಿಸಿಲಿಗೆ ಅಲ್ಲೊಂದು ಇಲ್ಲೊಂದು ಎಲಚಿ ಅಥವಾ ಬೇವಿನ ನೆರಳು, ದಿನವೂ ನೀರು ಈ ನಾಲ್ಕೂ ಒಂದೇ ಹರವಿನಲ್ಲಿ ಸಿಗಬೇಕು.

ಐದನೆಯದೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಬೆದೆಯ ಕಾಲದಲ್ಲಿ ಬಲಿತ ಕಪ್ಪು ಗಂಡುಗಳು ಒಂದೊಂದು ತುಂಡು ನೆಲವನ್ನು ತಮ್ಮದಾಗಿಸಿಕೊಂಡು ಕಾಯುತ್ತವೆ. ಕೆಲವು ಕಡೆ ಇಂಥ ಹಲವು ತುಂಡುಗಳು ಒತ್ತೊತ್ತಾಗಿ ಸೇರಿ ಗಂಡುಗಳ ಕಣವೇ ಆಗಿಬಿಡುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಗಂಡು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದರಿಂದ ಅಲ್ಲಿ ಚಾಪೆಯಗಲದ ರಾಶಿ ಬಿದ್ದಿರುತ್ತದೆ. ಮೇಲ್ಭಾಗದ ಹಿಕ್ಕೆ ಎಣ್ಣೆ ಸವರಿದಂತೆ ಕಪ್ಪಗೆ ಹೊಳೆಯುತ್ತಿದ್ದರೆ ಅದು ಇಂದಿನದು. ಕೆಳಗಿನದು ಒಣಗಿ, ಮಾಸಲು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ರಾಶಿಯ ಸುತ್ತಲಿನ ಮಣ್ಣು ಗೊರಸಿನಿಂದ ಕೆದರಿರುತ್ತದೆ. ಹತ್ತಿರದಲ್ಲಿ ತಂಗಡಿ ಗಿಡವಿದ್ದರೆ ಅದರ ಕಡ್ಡಿಗಳ ತುದಿಯನ್ನು ನೋಡಿ: ಕಣ್ಣಿನ ಮುಂದಿರುವ ಗ್ರಂಥಿಯಿಂದ ಗಂಡು ಒರೆಸಿದ ಕಪ್ಪು ಅಂಟು ಅಲ್ಲಿ ಒಣಗಿ ಅಂಟಿಕೊಂಡಿರುವುದುಂಟು. ಇಂಥ ಜಾಗದಲ್ಲಿ ಗುಂಡಿ ತೋಡುವುದು, ಸಸಿ ನೆಡುವುದು, ವೀಕ್ಷಣೆಗೆಂದು ಜೀಪಿನ ಹಾದಿ ಮಾಡುವುದು ಯಾವುದೂ ಕೂಡದು. ಬರಿಯ ಕಣ್ಣಿಗೆ ಅದು ಏನೂ ಬೆಳೆಯದ ಬೋಳು ನೆಲವಾಗಿ ಕಾಣುವುದರಿಂದಲೇ ಎಲ್ಲ ಕಾಮಗಾರಿಗಳೂ ಮೊದಲು ಅದರ ಮೇಲೆಯೇ ಬೀಳುತ್ತವೆ.

ಹಂತ 2: ನೆಲದ ದಾಖಲೆ ತೆಗೆಯುವುದು

ಹಿಂಡು ಓಡಾಡುವ ಹರವನ್ನು ಗುರುತಿಸಿದ ಮೇಲೆ ಆ ನೆಲ ಯಾರದೆಂದು ಗೊತ್ತಾಗದೆ ಒಂದು ಹೆಜ್ಜೆಯನ್ನೂ ಮುಂದಿಡಲಾಗದು. ಗ್ರಾಮ ನಕ್ಷೆಯನ್ನು ಪಡೆದು, ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರನ್ನು ನೋಡಿ, ಪ್ರತಿ ನಂಬರಿನ ಪಹಣಿಯನ್ನು ತೆಗೆಸಿ. ಗೋಮಾಳ, ಹುಲ್ಲುಬನ್ನಿ ಖರಾಬು (ಹುಲ್ಲಿಗೆಂದು ಬಿಟ್ಟ ಸರ್ಕಾರಿ ನೆಲ), ಅಮೃತಮಹಲ್ ಕಾವಲು, ಕೆರೆಯಂಗಳ, ಸಾಮಾಜಿಕ ಅರಣ್ಯ, ಖಾಸಗಿ ಬೀಳು ಹೀಗೆ ಬೇರೆ ಬೇರೆ ಬಣ್ಣದಲ್ಲಿ ನಕ್ಷೆ ತುಂಬಿ. ಹಳೆಯ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗೆಂದು ಕಾದಿರಿಸಿದ್ದ ಕಾವಲುಗಳೇ ಇಂದಿಗೂ ಉಳಿದಿರುವ ಹುಲ್ಲುಗಾವಲುಗಳಲ್ಲಿ ಬಹುಪಾಲು. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾದದ್ದು ಈ ದಾರಿಯಲ್ಲಿಯೇ.

ಈ ನಕ್ಷೆಗೆ ಬೆಲೆ ಬರುವುದು ಗ್ರಾಮಸಭೆಯಲ್ಲಿ. ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ಬಂಜರು ಎಂಬ ಪಟ್ಟಿಯಲ್ಲಿ ಸೇರಿಕೊಂಡಿರುವುದರಿಂದ ನಿವೇಶನಕ್ಕೆ, ಕೈಗಾರಿಕೆಗೆ, ಸೌರ ವಿದ್ಯುತ್ತಿಗೆ, ಬದಲಿ ಅರಣ್ಯೀಕರಣಕ್ಕೆ ಮೊದಲು ಕಣ್ಣಿಗೆ ಬೀಳುವುದು ಅದೇ. ಪಕ್ಕದ ಪಾವಗಡದ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ ಹಬ್ಬಿ 2,050 ಮೆಗಾವ್ಯಾಟ್ ಸಾಮರ್ಥ್ಯ ಹೊಂದಿದೆ. ರೈತರಿಂದ ಗುತ್ತಿಗೆಗೆ ಪಡೆದ ಒಣಭೂಮಿ ಅದು. ಅಂಥ ಯೋಜನೆಗಳು ಬೇಡವೆಂದು ಹೇಳುವ ಉದ್ದೇಶ ನನ್ನದಲ್ಲ. ಬೇಲಿ ಹಾಕುವ ಮುನ್ನ ಹಿಂಡು ಯಾವ ಸರ್ವೆ ನಂಬರುಗಳ ಮೂಲಕ ದಾಟುತ್ತದೆ ಎಂದು ತೋರಿಸುವ ಕಾಗದ ಊರವರ ಕೈಯಲ್ಲಿದ್ದರೆ, ಕನಿಷ್ಠ ಒಂದು ಓಣಿಯನ್ನಾದರೂ ಬಿಡಿಸಿಕೊಳ್ಳಲು ಮಾತಾಡಬಹುದು. ನಕ್ಷೆಯನ್ನು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

ಹಂತ 3: ಎಣಿಕೆ

ಮೂರು ಚದರ ಕಿಲೋಮೀಟರಿನ ಬಯಲಿಗೆ ದೊಡ್ಡ ಕಾಡುಗಳ ಎಣಿಕೆ ವಿಧಾನ ಬೇಕಿಲ್ಲ. ಹುಲ್ಲು ಒಣಗಿ ಗಿಡ್ಡಗಿರುವ ಫೆಬ್ರುವರಿ–ಮಾರ್ಚ್‌ನಲ್ಲಿ, ಬಯಲನ್ನು ಹಾದಿ, ಹಳ್ಳ, ನೆಡುತೋಪುಗಳ ಗುರುತಿನಿಂದ ನಾಲ್ಕೈದು ಭಾಗ ಮಾಡಿ, ಪ್ರತಿ ಭಾಗಕ್ಕೆ ಇಬ್ಬರಂತೆ ಎತ್ತರದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಎಲ್ಲರೂ ಏಕಕಾಲದಲ್ಲಿ ಎಣಿಸಿದರೆ ಸಾಕು. ಅದೇ ಹೊತ್ತಿನಲ್ಲಿ ಇನ್ನೆರಡು ತಂಡಗಳು ಹೊರಗಿನ ಬೀಳು ಹೊಲಗಳಲ್ಲಿರಬೇಕು; ಇದನ್ನು ಬಿಟ್ಟರೆ ಎಣಿಕೆ ಅರ್ಧವೇ. ಪ್ರತಿ ಗುಂಪು ಕಂಡ ಹೊತ್ತು, ಅದು ಸಾಗಿದ ದಿಕ್ಕು, ಗುಂಪಿನ ಗಾತ್ರ ಇವನ್ನು ಬರೆದರೆ ಒಂದು ಭಾಗದಿಂದ ಇನ್ನೊಂದಕ್ಕೆ ಹೋದ ಗುಂಪನ್ನು ಎರಡು ಸಲ ಲೆಕ್ಕ ಹಿಡಿಯುವುದು ತಪ್ಪುತ್ತದೆ. ವಿರಾಮ ಕೊಟ್ಟು ಮೂರು ಬೆಳಗು ಎಣಿಸಿ, ಮೂರೂ ಅಂಕಿಗಳನ್ನು ಇಟ್ಟುಕೊಳ್ಳಿ. ಮೀಸಲಿನೊಳಗೆ ಹೋಗಲು ವಲಯ ಅರಣ್ಯಾಧಿಕಾರಿಯ ಅನುಮತಿ ಬೇಕು. ಸಿಬ್ಬಂದಿಯನ್ನೂ ತಂಡದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ಒಟ್ಟು ಸಂಖ್ಯೆಗಿಂತ ಅದರ ಒಡೆದ ಲೆಕ್ಕ ಮುಖ್ಯ. ಬಲಿತ ಕಪ್ಪು ಗಂಡು, ಕೊಂಬು ಬಂದರೂ ಇನ್ನೂ ಕಂದು ಬಣ್ಣದಲ್ಲಿರುವ ಎಳೆಯ ಗಂಡು, ಹೆಣ್ಣು, ಮರಿ ಎಂದು ನಾಲ್ಕು ಕಾಲಂ ಸಾಕು. ನೂರು ಹೆಣ್ಣುಗಳಿಗೆ ಎಷ್ಟು ಮರಿ ಎಂಬ ಅನುಪಾತ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಒಟ್ಟು ಸಂಖ್ಯೆ ಇನ್ನೂ ಕುಸಿಯದಿದ್ದರೂ ತೊಂದರೆ ಶುರುವಾಗಿದೆ ಎಂದರ್ಥ. ಬಹಳ ಸಲ ಅದರ ಹಿಂದೆ ಇರುವುದು ನಾಯಿಗಳು.

ಗಂಡು–ಹೆಣ್ಣಿನ ಅನುಪಾತ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕ ನೋಡಿ. ಕೃಷ್ಣಮೃಗಗಳಲ್ಲಿ ಕೆಲವೇ ಗಂಡುಗಳು ಹೆಚ್ಚಿನ ಹೆಣ್ಣುಗಳೊಡನೆ ಕೂಡುತ್ತವೆ. ಹಿಂಡಿನಲ್ಲಿ ಮರಿ ಹಾಕುವ 60 ಹೆಣ್ಣುಗಳಿದ್ದು, ಕಣವನ್ನು ಆಳುವ ಗಂಡುಗಳು 6 ಮಾತ್ರ ಎಂದುಕೊಳ್ಳೋಣ. ಎರಡನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಉತ್ತರ ಸುಮಾರು 22. ಎಂದರೆ ಕಣ್ಣಿಗೆ 66 ಪ್ರಾಣಿಗಳು ಕಂಡರೂ ವಂಶವಾಹಿಗಳ ವೈವಿಧ್ಯವನ್ನು ಮುಂದಕ್ಕೆ ಕೊಂಡೊಯ್ಯುವ ಬಲ 22 ಪ್ರಾಣಿಗಳಷ್ಟೇ, ಮತ್ತು ಅಂಥ ಹಿಂಡು ಹೊರಗಿನ ರಕ್ತ ಬಾರದಿದ್ದರೆ ಪ್ರತಿ ತಲೆಮಾರಿನಲ್ಲಿ ಶೇಕಡಾ 2ಕ್ಕೂ ಹೆಚ್ಚು ವೈವಿಧ್ಯವನ್ನು ಕಳೆದುಕೊಳ್ಳುತ್ತದೆ. ಒಂದೆರಡು ಕಪ್ಪು ಗಂಡುಗಳು ಉರುಳಿಗೆ ಬಿದ್ದರೂ ಆ ನಷ್ಟ ಎರಡು ಪ್ರಾಣಿಗಳ ನಷ್ಟವಲ್ಲ.

ಹಂತ 4: ಹುಲ್ಲನ್ನು ಮರಳಿ ತರುವುದು

ಇದು ಎಲ್ಲಕ್ಕಿಂತ ದೀರ್ಘವಾದ ಕೆಲಸ. ಇಲ್ಲಿ ಮೊದಲ ನಿಯಮ ಸಸಿ ನೆಡಬಾರದು ಎಂಬುದು. ಪರಿಸರ ದಿನದಂದು ಒಳ್ಳೆಯ ಮನಸ್ಸಿನಿಂದಲೇ ಮಕ್ಕಳು ಗೋಮಾಳದಲ್ಲಿ ಹೊಂಗೆ, ಬೇವು ನೆಡುತ್ತಾರೆ. ಊರ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಅವು ಬೇಕು. ಹುಲ್ಲುಗಾವಲಿನ ನಡುವೆ ನೆಟ್ಟ ಪ್ರತಿ ಸಾಲೂ ನೆರಳಿಗೆ ಹುಲ್ಲನ್ನು ಸಾಯಿಸಿ, ಹಿಂಡಿನ ನೋಟವನ್ನು ಅಡ್ಡಗಟ್ಟಿ, ಬಯಲನ್ನು ಇನ್ನೆರಡು ತುಂಡು ಮಾಡುತ್ತದೆ. ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹುಲ್ಲುಗಾವಲು ಕೆಟ್ಟುಹೋದ ಕಾಡಲ್ಲ, ಅದು ತನ್ನಷ್ಟಕ್ಕೆ ಪೂರ್ಣವಾದ ನೆಲ ಎಂಬ ಮಾತನ್ನು ಶಾಲೆಗಳಲ್ಲಿ ಹೇಳುವ ಕೆಲಸ ನಮ್ಮೆಲ್ಲರ ಮೇಲಿದೆ.

ಹಳೆಯ ನೀಲಗಿರಿ ನೆಡುತೋಪುಗಳ ವಿಷಯಕ್ಕೆ ಬಂದರೆ, ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಂತಿರುವ ತೋಪನ್ನು ತೆಗೆಯುವುದು ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಬೇಕಾದ ಕೆಲಸ. ಕೇಳಬೇಕಾದದ್ದು ಇಷ್ಟು: ಇಡೀ ತೋಪನ್ನು ಒಂದೇ ಸಲ ಕಡಿಯದೆ ಬಯಲಿಗೆ ಅಂಟಿದ ಅಂಚಿನಿಂದ ಪಟ್ಟಿ ಪಟ್ಟಿಯಾಗಿ ತೆಗೆಯಬೇಕು, ಕಡಿದ ಬುಡದಲ್ಲಿ ಒಡೆಯುವ ಕುಡಿಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ, ಬುಡ ಸಾಯುವವರೆಗೂ ಮುರಿಯಬೇಕು, ಬೇರು ಕೀಳಲೆಂದು ಜೆಸಿಬಿ ತಂದು ಮೇಲ್ಮಣ್ಣನ್ನು ಮಗುಚಬಾರದು, ಏಕೆಂದರೆ ಮಗುಚಿದ ಮಣ್ಣಿನಲ್ಲಿ ಮೊದಲು ಬರುವುದು ಹುಲ್ಲಲ್ಲ, ಕಾಂಗ್ರೆಸ್ ಗಿಡ.

ಬಳ್ಳಾರಿ ಜಾಲಿಯದು ಬೇರೆಯೇ ಸಮಸ್ಯೆ. ಅದರ ಸಿಹಿಯಾದ ಕಾಯಿಯನ್ನು ದನ, ಕುರಿ, ಕೃಷ್ಣಮೃಗ ಎಲ್ಲವೂ ತಿನ್ನುತ್ತವೆ. ಬೀಜ ಹಿಕ್ಕೆಯಲ್ಲಿ ಬಂದು ಮೊಳೆಯುತ್ತದೆ. ಹೀಗಾಗಿ ಹಿಂಡೇ ತನ್ನ ಬಯಲಿಗೆ ಮುಳ್ಳು ಬಿತ್ತುತ್ತದೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರುತ್ತವೆ. ಮೊದಲ ಮಳೆಗೆ ಮಣ್ಣು ಸಡಿಲವಾದಾಗ ಬುಡವನ್ನು ಗೇಣುದ್ದಕ್ಕೂ ಸ್ವಲ್ಪ ಹೆಚ್ಚು ಆಳಕ್ಕೆ ಅಗೆದು, ಚಿಗುರುವ ಗಂಟಿನ ಕೆಳಗೆ ಬೇರನ್ನು ಕತ್ತರಿಸಿ, ಗುಂಡಿ ಮುಚ್ಚಬೇಕು. ಹಾರೆ ಗುದ್ದಲಿಯ ಕೆಲಸವಿದು. ಕಿರುಬೆರಳ ಗಾತ್ರದ ಸಸಿಗಳನ್ನು ಮಳೆಯ ಮಾರನೆಯ ದಿನ ಕೈಯಲ್ಲೇ ಕೀಳಬಹುದು. ಎಲ್ಲಿಂದ ಶುರು ಮಾಡಬೇಕೆಂಬುದರಲ್ಲಿ ಹಲವರು ಎಡವುತ್ತಾರೆ: ದಟ್ಟವಾದ ಜಾಲಿ ಮೆಳೆಗೆ ಮೊದಲು ಕೈ ಹಾಕಬೇಡಿ. ಇನ್ನೂ ಹುಲ್ಲಿರುವ ಬಯಲಿನಲ್ಲಿ ಚೆದುರಿ ಎದ್ದಿರುವ ಗಿಡಗಳನ್ನು ಮೊದಲು ತೆಗೆದು, ಅಂಚಿಗೆ ಬಂದು, ಮೆಳೆಯನ್ನು ಕೊನೆಗಿಟ್ಟುಕೊಳ್ಳಿ. ಅಷ್ಟರಲ್ಲಿ ಸೌದೆಗೆ ಆ ಮೆಳೆಯನ್ನೇ ನೆಚ್ಚಿಕೊಂಡಿರುವ ಮನೆಗಳೊಡನೆ ಮಾತಾಡಿ, ಯಾವ ಭಾಗದ ಸೌದೆ ಯಾವ ವರ್ಷ ಯಾರಿಗೆ ಎಂದು ಗೊತ್ತು ಮಾಡಲು ಸಮಯವೂ ಸಿಗುತ್ತದೆ. ಮೀಸಲಿನೊಳಗಿನ ಕಡಿತಕ್ಕೆ ಇಲಾಖೆಯ ಲಿಖಿತ ಒಪ್ಪಿಗೆ ಕಡ್ಡಾಯ.

ತೆರವಾದ ಜಾಗಕ್ಕೆ ಹೊರಗಿನ ಮೇವಿನ ಹುಲ್ಲಿನ ಬೀಜ ತರಬೇಡಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅದೇ ಬಯಲಿನ ಚೆನ್ನಾಗಿರುವ ಭಾಗದಲ್ಲಿ ಹುಲ್ಲಿನ ತೆನೆ ಬಲಿತಾಗ ಕೊಯ್ದು, ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿಟ್ಟು, ಜೂನ್ ಮಳೆಗೆ ಮುನ್ನ ತೆನೆಸಮೇತ ತೆಳ್ಳಗೆ ಹರಡಿದರೆ ಸಾಕು. ಉಳುವುದು ಬೇಡ. ಆ ತುಂಡಿಗೆ ಒಂದು ಮಳೆಗಾಲ ಮಾತ್ರ ದನಕುರಿ ಬಿಡದಿರುವಂತೆ ಊರಲ್ಲಿ ಒಪ್ಪಂದವಾಗಬೇಕು.

ಮೇಯಿಸುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ತುಮಕೂರು ಕುರಿಗಾಹಿಗಳ ಜಿಲ್ಲೆ. ಈ ಬಯಲುಗಳು ಬಯಲಾಗಿಯೇ ಉಳಿದದ್ದರಲ್ಲಿ ಅವರ ಪಾಲೂ ದೊಡ್ಡದು. ಏನೂ ಮೇಯದ ಹುಲ್ಲು ಎರಡು ಮೂರು ವರ್ಷಕ್ಕೆ ಒಣ ಮೆದೆಯಾಗಿ ನಿಂತು, ಕೃಷ್ಣಮೃಗಕ್ಕೂ ರುಚಿಸದೆ, ಬೇಸಿಗೆಯ ಬೆಂಕಿಗೆ ಆಹಾರವಾಗುತ್ತದೆ. ಅತಿಯಾಗಿ ಮೇಯಿಸಿದರೆ ಮೆತ್ತನೆಯ ಹುಲ್ಲು ಹೋಗಿ, ದನ ಮೂಸದ ಬಾದೆ ಹುಲ್ಲೂ ‘ಬಂದರೆ’ ಎಂಬ ಪೊದೆಗಿಡವೂ ಉಳಿಯುತ್ತವೆ. ಮೀಸಲಿನ ಹೊರಗಿನ ಗೋಮಾಳವನ್ನು ಮೂರು ಪಾಲು ಮಾಡಿ, ಮಳೆಗಾಲದಲ್ಲಿ ಸರದಿಯಂತೆ ಒಂದು ಪಾಲಿಗೆ ವಿಶ್ರಾಂತಿ ಕೊಟ್ಟು, ಉಳಿದೆರಡರಲ್ಲಿ ಮೇಯಿಸುವ ಪದ್ಧತಿ ಕಾರ್ಯಸಾಧ್ಯ. ಬೆಂಕಿಯ ವಿಷಯದಲ್ಲಿ ಜನವರಿ ಮುಗಿಯುವುದರೊಳಗೆ ರಸ್ತೆಯಂಚಿನ ಮತ್ತು ಗಡಿಯ ಹುಲ್ಲನ್ನು ಕೊಯ್ದು ಬೆಂಕಿರೇಖೆ ಮಾಡಿಕೊಳ್ಳಬೇಕು. ಕೊಯ್ದ ಹುಲ್ಲು ಅಕ್ಕಪಕ್ಕದ ಮನೆಗಳ ದನಕ್ಕೆ ಹೋಗಲಿ.

ಹಂತ 5: ನೀರು, ಮತ್ತು ನೀರಿನ ಸಾವು

ಬೇಸಿಗೆಯಲ್ಲಿ ನೀರು ಬತ್ತಿದಾಗ ಕಾಂಕ್ರೀಟ್ ತೊಟ್ಟಿ ಕಟ್ಟಿ ಟ್ಯಾಂಕರ್ ನೀರು ತುಂಬುವುದು ರೂಢಿ. ತೊಟ್ಟಿಗಿಂತ ನಮ್ಮ ಹಳೆಯ ಗೋಕಟ್ಟೆ ಎಲ್ಲ ರೀತಿಯಲ್ಲೂ ಮೇಲು: ದಂಡೆ ಇಳಿಜಾರಾಗಿರುತ್ತದೆ, ಸಣ್ಣ ಮರಿಯೂ ಇಳಿದು ಕುಡಿದು ಹತ್ತಬಲ್ಲದು, ಸುತ್ತ ತೆರೆದಿರುವುದರಿಂದ ಅಪಾಯ ದೂರದಿಂದಲೇ ಕಾಣುತ್ತದೆ. ಉದ್ಯೋಗ ಖಾತರಿಯ ಕಾಮಗಾರಿಗಳ ಪಟ್ಟಿಗೆ ಗೋಕಟ್ಟೆಯ ಹೂಳೆತ್ತುವುದನ್ನು ಸೇರಿಸಿ. ತೊಟ್ಟಿ ಅನಿವಾರ್ಯವಾದರೆ ತಟ್ಟೆಯಾಕಾರದಲ್ಲಿ, ನೆಲಮಟ್ಟಕ್ಕೆ, ಗೇಣಿಗಿಂತ ಆಳವಿಲ್ಲದಂತೆ ಕಟ್ಟಿಸಿ. ಒಂದೇ ದೊಡ್ಡ ತೊಟ್ಟಿಗಿಂತ ದೂರ ದೂರ ಇರುವ ಮೂರು ಸಣ್ಣವು ಒಳ್ಳೆಯವು. ಎಲ್ಲ ಹಿಂಡೂ ಒಂದೇ ಬಾಯಿಗೆ ಬಂದರೆ ರೋಗವೂ ಅಲ್ಲಿಯೇ ಹರಡುತ್ತದೆ, ನಾಯಿಗಳೂ ಅಲ್ಲಿಯೇ ಹೊಂಚು ಹಾಕುತ್ತವೆ.

ಈಚಿನ ವರ್ಷಗಳಲ್ಲಿ ಹೊಸ ಅಪಾಯವೊಂದು ಬಂದಿದೆ. ಕೃಷಿ ಭಾಗ್ಯದಂಥ ಯೋಜನೆಗಳಲ್ಲಿ ತೋಡಿದ ಕೃಷಿಹೊಂಡಗಳು ಒಣಬೇಸಾಯಕ್ಕೆ ವರವೇ ಸರಿ, ಆದರೆ ಅವುಗಳ ಕಡಿದಾದ ನಾಲ್ಕೂ ಗೋಡೆಗಳಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಗೊರಸಿಗೆ ಹಿಡಿತವನ್ನೇ ಕೊಡುವುದಿಲ್ಲ. ಕುಡಿಯಲು ಬಾಗಿದ ಪ್ರಾಣಿ ಜಾರಿದರೆ ದಂಡೆಯುದ್ದಕ್ಕೂ ಈಜುತ್ತಾ, ಹತ್ತಲೆತ್ನಿಸಿ ಮತ್ತೆ ಮತ್ತೆ ಜಾರುತ್ತಾ ದಣಿದು ಮುಳುಗುತ್ತದೆ. ಕುರಿಗಳಿಗೂ, ಆಡಲು ಹೋದ ಮಕ್ಕಳಿಗೂ ಇದೇ ಗತಿಯಾಗುವುದುಂಟು. ಪರಿಹಾರ ದುಬಾರಿಯಲ್ಲ. ಹೊಂಡದ ಎರಡು ಎದುರು ಮೂಲೆಗಳಲ್ಲಿ, ಮೇಲಿನ ದಂಡೆಯಿಂದ ತಳದವರೆಗೆ, ಎರಡು ಮಾರು ಅಗಲಕ್ಕೆ ತೆಂಗಿನ ನಾರಿನ ಹಗ್ಗದ ಬಲೆಯನ್ನೋ ಒಟ್ಟಿಗೆ ಹೊಲಿದ ಗೋಣಿಚೀಲಗಳನ್ನೋ ಇಳಿಬಿಟ್ಟು, ಮೇಲೆ ಗೂಟಕ್ಕೆ ಬಿಗಿಯಾಗಿ ಕಟ್ಟಿ, ಕೆಳಗೆ ಮರಳು ತುಂಬಿದ ಚೀಲದ ಭಾರ ಕೊಡಬೇಕು. ಸುತ್ತ ನೆರಳುಬಲೆಯ ಬೇಲಿ ಹಾಕಿದರೆ ಬೀಳುವುದೇ ತಪ್ಪುತ್ತದೆ. ಹಾಗೆಯೇ ಬಳಕೆ ನಿಂತ ತೆರೆದ ಬಾವಿಗಳ ಪಟ್ಟಿ ಮಾಡಿ, ಸೊಂಟದೆತ್ತರದ ಕಟ್ಟೆ ಕಟ್ಟಿಸಲು ಪಂಚಾಯಿತಿಗೆ ಅರ್ಜಿ ಕೊಡಿ.

ಹಂತ 6: ನಾಯಿ ಮತ್ತು ರೋಗ

ತೋಳ ಈ ಬಯಲಿಗೆ ಸೇರಿದ ಪ್ರಾಣಿ. ಕೃಷ್ಣಮೃಗವನ್ನು ಅದು ತಿನ್ನುವುದು ನಿಸರ್ಗದ ನಡೆ. ಗುಂಪುಗಟ್ಟಿದ ನಾಯಿಗಳ ಕಥೆ ಬೇರೆ. ಅವುಗಳ ಹೊಟ್ಟೆ ಊರಿನ ಕಸದಿಂದ ತುಂಬುತ್ತದೆ, ಹಾಗಾಗಿ ಬೇಟೆ ಕಡಿಮೆಯಾದರೂ ನಾಯಿಗಳ ಸಂಖ್ಯೆ ಇಳಿಯುವುದಿಲ್ಲ, ಮತ್ತು ಮರಿಗಳ ಮೇಲಿನ ಒತ್ತಡ ಎಂದೂ ಸಡಿಲಾಗುವುದಿಲ್ಲ. ಬಯಲಿನಂಚಿನಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ದನಕುರಿ ಎಸೆಯುವುದನ್ನು ನಿಲ್ಲಿಸಿ ಆಳವಾಗಿ ಹೂಳಿಸುವುದೇ ಮೊದಲ ಕ್ರಮ. ನಂತರ ಸ್ಥಳೀಯ ಸಂಸ್ಥೆಯ ಮೂಲಕ ಸಂತಾನಹರಣ ಮತ್ತು ರೇಬಿಸ್ ಲಸಿಕೆ. ಕಸ ನಿಲ್ಲದೆ ಸಂತಾನಹರಣವೊಂದರಿಂದ ಫಲ ಸಿಗದು. ಕುರಿಗಾಹಿಗಳ ನಾಯಿಗಳಿಗೂ ಲಸಿಕೆ ಹಾಕಿಸಲು ನೆರವಾಗಬೇಕು.

ಕುರಿ–ಮೇಕೆಗಳಿಗೆ ಬರುವ ಪಿ.ಪಿ.ಆರ್. ಎಂಬ ವೈರಸ್ ರೋಗ ಕಾಡಿನ ಹುಲ್ಲೆಗಳಿಗೂ ತಗಲುತ್ತದೆ. ಮಂಗೋಲಿಯಾದಲ್ಲಿ 2016–17ರಲ್ಲಿ ಸಾಕುಪ್ರಾಣಿಗಳಿಂದ ಹರಡಿದ ಈ ರೋಗಕ್ಕೆ ಸೈಗಾ ಎಂಬ ಹುಲ್ಲೆಗಳು ಸಾವಿರಗಟ್ಟಲೆ ಸತ್ತವು. ಒಂದೇ ಬಯಲನ್ನು ನೆಚ್ಚಿಕೊಂಡ ಸಣ್ಣ ಹಿಂಡಿಗೆ ಅಂಥದ್ದೊಂದು ಅಲೆ ಬಂದರೆ ಚೇತರಿಸಿಕೊಳ್ಳಲು ಏನೂ ಉಳಿಯದು. ಕೃಷ್ಣಮೃಗಗಳಿಗೆ ಲಸಿಕೆ ಹಾಕಲಾಗದು. ಸುತ್ತಲಿನ ಹಳ್ಳಿಗಳ ಕುರಿ ಮೇಕೆಗಳಿಗೆ ಪಿ.ಪಿ.ಆರ್. ಲಸಿಕೆಯನ್ನೂ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನೂ ಒಂದು ಮನೆಯೂ ಬಿಡದಂತೆ ಹಾಕಿಸುವುದೇ ಅವುಗಳಿಗೆ ಸಿಗುವ ರಕ್ಷಣೆ. ಪಶುವೈದ್ಯ ಆಸ್ಪತ್ರೆಯ ಲಸಿಕಾ ಶಿಬಿರಗಳನ್ನು ಈ ಹಳ್ಳಿಗಳಿಂದಲೇ ಆರಂಭಿಸುವಂತೆ ಕೇಳಿಕೊಳ್ಳಿ.

ಹಂತ 7: ರೈತರ ಬೆಳೆ

ಜುಲೈನಲ್ಲಿ ಬಿತ್ತಿದ ಕಡಲೇಕಾಯಿ ಮೊಳೆತು ನಾಲ್ಕೆಲೆ ಬಿಡುವ ಹೊತ್ತಿಗೆ ಹಿಂಡು ಹೊಲಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಹೊಲ ಕಾಯುವ ರೈತನಿಗೆ ಸಂರಕ್ಷಣೆಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಅವನ ನಷ್ಟವನ್ನು ಮೊದಲು ಬರೆದುಕೊಳ್ಳಬೇಕು. ಹಾನಿಯಾದ ದಿನವೇ ಸರ್ವೆ ನಂಬರು, ಬೆಳೆ, ಹಾನಿಯ ಅಂದಾಜು ವಿಸ್ತೀರ್ಣ, ಹೆಜ್ಜೆಗುರುತು ಕಾಣುವ ಫೋಟೊ ಇವಿಷ್ಟನ್ನು ಸಿದ್ಧ ಮಾಡಿ, ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಸಲ್ಲಿಸಲು ಯುವಕ ಸಂಘದ ಒಬ್ಬರು ಜೊತೆಗೆ ಹೋಗುವುದಾದರೆ ಅರ್ಧ ಸಿಟ್ಟು ಅಲ್ಲಿಯೇ ತಣ್ಣಗಾಗುತ್ತದೆ. ಪಕ್ಕಪಕ್ಕದ ಹೊಲದವರು ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ. ಮುಂಚೆ ಬಿತ್ತಿದ ಒಂಟಿ ಹೊಲವೇ ಯಾವಾಗಲೂ ಹೆಚ್ಚು ಪೆಟ್ಟು ತಿನ್ನುತ್ತದೆ. ಬಯಲಿಗೆ ಹತ್ತಿದ ಒಂದೆರಡು ಸಾಲು ಹೊಲಗಳಲ್ಲಿ ಸರದಿ ಕಾವಲು ಮಾಡಿಕೊಂಡರೆ ಇಡೀ ಊರು ಎಚ್ಚರವಿರಬೇಕಾಗಿಲ್ಲ.

ಬೇಲಿಗೆ ನೇರವಾಗಿ ಕರೆಂಟು ಕೊಡುವುದು ಅಪರಾಧ, ಮನುಷ್ಯರನ್ನೂ ಕೊಲ್ಲುತ್ತದೆ. ಮುಳ್ಳುತಂತಿ ಹಾಕುವವರು ಕೆಳಗಿನ ತಂತಿಯನ್ನು ನೆಲದಿಂದ ಮೊಳದೆತ್ತರಕ್ಕೆ, ಮುಳ್ಳಿಲ್ಲದ್ದಾಗಿ ಹಾಕಿದರೆ, ಬೆದರಿ ಓಡುವ ಪ್ರಾಣಿ ನುಸುಳಿ ಪಾರಾಗುತ್ತದೆ. ಬೋರ್‌ವೆಲ್ ಬಂದು ಅಡಿಕೆ ತೋಟ ಹಬ್ಬುತ್ತಿರುವ ಕಡೆ ಬೇಲಿಯೂ ಹಬ್ಬುತ್ತಿದೆ. ಆದ್ದರಿಂದ ಈ ಮಾತನ್ನು ಬೇಲಿ ಹಾಕುವ ಮುನ್ನವೇ ಆಡಬೇಕು.

ಹಂತ 8: ಹಿಂಡಿನಿಂದ ಹಿಂಡಿಗೆ ದಾರಿ

ಮೂರನೆಯ ಹಂತದ ಲೆಕ್ಕಕ್ಕೆ ಉತ್ತರ ಇಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದೇಶದ ಬೇರೆ ಬೇರೆ ಕಡೆಯ ಕೃಷ್ಣಮೃಗಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ, ಹೆಣ್ಣುಗಳು ಹುಟ್ಟಿದ ನೆಲದ ಹತ್ತಿರವೇ ಉಳಿದರೂ ಗಂಡುಗಳು ದೂರ ಸಾಗಿ ಹಿಂಡುಗಳ ನಡುವೆ ವಂಶವಾಹಿಗಳನ್ನು ಸಾಗಿಸುತ್ತಿರುವುದು ಕಂಡುಬಂತು. ಊರು, ಹೊಲ, ರಸ್ತೆಗಳ ನಡುವೆಯೂ ಅವು ದಾಟುತ್ತಿವೆ ಎಂಬುದು ನಮಗೆಲ್ಲ ಧೈರ್ಯ ಕೊಡುವ ಸಂಗತಿ. ತಲೆಮಾರಿಗೆ ಒಂದೆರಡು ಹೊರಗಿನ ಗಂಡು ಬಂದು ಸೇರಿದರೂ ಸಣ್ಣ ಹಿಂಡಿನ ನಷ್ಟ ಬಹುಮಟ್ಟಿಗೆ ತಡೆಯುತ್ತದೆ.

ಹಾಗಾದರೆ ಒಂಟಿಯಾಗಿ ಅಲೆಯುವ ಎಳೆಯ ಗಂಡಿನ ದಾರಿ ಯಾವುದು ಎಂಬುದನ್ನು ಕಂಡುಹಿಡಿಯಬೇಕು. ಮಧುಗಿರಿ, ಗೌರಿಬಿದನೂರು, ಹಿಂದೂಪುರ, ಪಾವಗಡ ಕಡೆಯ ಹಳ್ಳಿಗಳಲ್ಲಿ ಕಂಡ ಪ್ರತಿ ಕೃಷ್ಣಮೃಗದ ದಿನಾಂಕ, ಊರು, ಗಂಡೋ ಹೆಣ್ಣೋ ಎಂಬುದನ್ನು ಕುರಿಗಾಹಿಗಳಿಂದ, ಬಸ್ ಚಾಲಕರಿಂದ, ಶಾಲಾ ಮಕ್ಕಳಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಮೂರು ವರ್ಷದಲ್ಲಿ ನಕ್ಷೆಯ ಮೇಲೆ ಬಿಂದುಗಳು ಒಂದು ಸಾಲಾಗಿ ಕೂಡುತ್ತವೆ: ಹಳ್ಳದ ದಂಡೆ, ಕೆರೆಯ ಹಿನ್ನೀರಿನ ಬಯಲು, ಸಾಲು ಗೋಮಾಳಗಳು. ಆ ಸಾಲಿನಲ್ಲಿ ಸಣ್ಣ ಗೋಮಾಳವೊಂದನ್ನು ಒತ್ತುವರಿಯಿಂದ ಉಳಿಸಿದರೆ, ಮೀಸಲಿನೊಳಗೆ ಅದರ ಹಲವು ಪಟ್ಟು ನೆಲ ಸೇರಿಸಿದಷ್ಟು ಫಲ ಎಂದು ನಾನು ನಂಬುತ್ತೇನೆ. ದಾರಿ ರಸ್ತೆಯನ್ನು ಅಡ್ಡ ಹಾಯುವ ಕಡೆ ಉಬ್ಬು ಮತ್ತು ಎಚ್ಚರಿಕೆ ಫಲಕಕ್ಕೆ ಲೋಕೋಪಯೋಗಿ ಇಲಾಖೆಗೆ ಬರೆಯಿರಿ. ಹಿಂಡಿಗೆ ರಾಜ್ಯದ ಗಡಿ ಗೊತ್ತಿಲ್ಲ. ಆಂಧ್ರದ ಕಡೆಯ ಅರಣ್ಯ ಸಿಬ್ಬಂದಿಗೂ ಇದೇ ಪುಸ್ತಕದ ಪ್ರತಿ ಹೋಗಲಿ.

ಪ್ರಾಣಿಗಳನ್ನು ಹಿಡಿದು ಬೇರೆಡೆ ಬಿಡುವ ಮಾತು ಆಗಾಗ ಬರುತ್ತದೆ. ಹುಲ್ಲೆಗಳನ್ನು ಅಟ್ಟಿ ಹಿಡಿದಾಗ ಉಂಟಾಗುವ ಆಘಾತದಿಂದಲೇ ಸ್ನಾಯು ಕೆಟ್ಟು, ಅವು ಕೆಲವು ಗಂಟೆ ಅಥವಾ ದಿನಗಳಲ್ಲಿ ಸಾಯುವುದುಂಟು. ಮಧ್ಯಪ್ರದೇಶದಲ್ಲಿ ಬಳಸುತ್ತಿರುವ ಬೋಮಾ ಪದ್ಧತಿಯಲ್ಲಿ ಲಾಳಿಕೆಯಾಕಾರದ ಮರೆ ಕಟ್ಟಿ ಹಿಂಡನ್ನು ಕೈಮುಟ್ಟದೆ ವಾಹನದವರೆಗೆ ನಡೆಸುತ್ತಾರೆ. ಅದಕ್ಕೂ ತಜ್ಞರು, ಸರ್ಕಾರದ ಮಂಜೂರಾತಿ, ಬಿಡುವ ಕಡೆ ಸಿದ್ಧವಾದ ಹುಲ್ಲುಗಾವಲು ಬೇಕು. ದಾರಿ ಉಳಿಸಿಕೊಳ್ಳುವುದು ಇದಕ್ಕಿಂತ ಸುಲಭ, ಅಗ್ಗ.

ಹಂತ 9: ಸಮಿತಿ ಮತ್ತು ಕಾನೂನು

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಬೇಟೆಗೆ 3ರಿಂದ 7 ವರ್ಷ ಸೆರೆವಾಸವಿದೆ. ಸಂರಕ್ಷಣಾ ಮೀಸಲು ಎಂಬ ವರ್ಗ ಈ ಕಾಯ್ದೆಗೆ 2002ರ ತಿದ್ದುಪಡಿಯಿಂದ ಸೇರಿತು. ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿಯಲ್ಲದೆ ಮೀಸಲು ಹರಡಿರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು. ಗಮನಿಸಿ: ಹುಲ್ಲು, ಲಸಿಕೆ, ಬೆಳೆ, ಗೋಕಟ್ಟೆ ಇವೆಲ್ಲಕ್ಕೂ ಸಂಬಂಧಪಟ್ಟವರು ಈ ಒಂದೇ ಮೇಜಿನ ಸುತ್ತ ಕೂರುತ್ತಾರೆ. ನಿಮ್ಮ ಪಂಚಾಯಿತಿಯ ಪ್ರತಿನಿಧಿ ಯಾರೆಂದು ತಿಳಿದುಕೊಂಡು, ಎಣಿಕೆಯ ಅಂಕಿ, ಹೊಂಡ–ಬಾವಿಗಳ ಪಟ್ಟಿ, ಬೆಳೆಹಾನಿಯ ದಾಖಲೆ ಮೂರನ್ನೂ ಸಭೆಗೆ ಮುನ್ನ ಅವರ ಕೈಗೆ ಕೊಡಿ. ಖಾಸಗಿ ಅಥವಾ ಸಮುದಾಯದ ನೆಲದಲ್ಲಿ, ಊರವರೇ ಮನಸ್ಸು ಮಾಡಿದರೆ, ಸಮುದಾಯ ಮೀಸಲು ಘೋಷಿಸಲೂ ಇದೇ ಕಾಯ್ದೆಯಲ್ಲಿ ಅವಕಾಶವಿದೆ.

ಹಂತ 10: ಮರಿ ಸಿಕ್ಕಾಗ, ಗಾಯಗೊಂಡ ಪ್ರಾಣಿ ಕಂಡಾಗ

ಹುಲ್ಲಿನಲ್ಲಿ ಕತ್ತು ನೆಲಕ್ಕೆ ಒತ್ತಿ, ಕಿವಿ ಹಿಂದಕ್ಕೆ ಮಡಿಸಿ, ಮುಟ್ಟುವಷ್ಟು ಹತ್ತಿರ ಹೋದರೂ ಅಲುಗಾಡದೆ ಮಲಗಿರುವ ಮರಿ ಅನಾಥವಲ್ಲ. ತಾಯಿ ದೂರದಿಂದ ನೋಡುತ್ತಿರುತ್ತದೆ, ಜನ ಇರುವವರೆಗೆ ಬರುವುದಿಲ್ಲ. ಫೋಟೊ ತೆಗೆಯಲು ನಿಲ್ಲದೆ, ಬಂದ ದಾರಿಯಲ್ಲೇ ಹಿಂದಿರುಗಿ. ಮನೆಗೆ ತಂದು ಹಸುವಿನ ಹಾಲು ಕುಡಿಸಿದ ಮರಿ ಬಹುತೇಕ ಭೇದಿಯಾಗಿ ಸಾಯುತ್ತದೆ, ಬದುಕಿದರೂ ಹಿಂಡಿಗೆ ಮರಳುವುದಿಲ್ಲ. ತರುವುದು ಕಾನೂನಿಗೂ ವಿರುದ್ಧ. ಈಗಾಗಲೇ ಯಾರಾದರೂ ಎತ್ತಿ ತಂದಿದ್ದರೆ ಕೆಲವು ಗಂಟೆಗಳೊಳಗೆ, ಅರಣ್ಯ ಸಿಬ್ಬಂದಿಗೆ ತಿಳಿಸಿ, ಸಿಕ್ಕ ಜಾಗದಲ್ಲೇ ಇರಿಸಿ ಬರಬೇಕು.

ನಾಯಿ ಕಚ್ಚಿದ, ವಾಹನ ಬಡಿದ, ಹೊಂಡದಿಂದ ಎತ್ತಿದ ಪ್ರಾಣಿಯಾದರೆ ಜನರನ್ನು ಚದುರಿಸುವುದು ಮೊದಲ ಕೆಲಸ. ಕಣ್ಣಿಗೆ ದಪ್ಪ ಬಟ್ಟೆ ಕಟ್ಟಿ, ಎದೆಯ ಮೇಲೆ ಮಲಗುವಂತೆ ಇರಿಸಿ, ತಲೆಯನ್ನು ಮೈಗಿಂತ ಸ್ವಲ್ಪ ಎತ್ತರ ಹಿಡಿದು, ನೆರಳಿಗೆ ಸರಿಸಿ. ಕಾಲುಗಳನ್ನು ಬಿಗಿದು ಕಟ್ಟಬೇಡಿ, ಬಾಯಿಗೆ ನೀರು ಹೊಯ್ಯಬೇಡಿ, ಮಾತು ಮೆಲ್ಲಗಿರಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಊರು, ಹತ್ತಿರದ ಗುರುತು, ಗಾಯದ ಬಗೆ, ಗಂಡೋ ಹೆಣ್ಣೋ ಎಂಬುದನ್ನು ಹೇಳಿ, ಸಿಬ್ಬಂದಿ ಬರುವವರೆಗೆ ಒಬ್ಬರು ಅಲ್ಲಿಯೇ ಇರಿ. ಪ್ರಾಣಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಲೇಬೇಕೆಂದು ಒತ್ತಾಯಿಸಿ, ಸಾವಿನ ಕಾರಣ ಮತ್ತು ಸರ್ವೆ ನಂಬರನ್ನು ಎಣಿಕೆಯ ಪುಸ್ತಕದಲ್ಲೇ ಬರೆಯಿರಿ. ಮುಂದಿನ ವರ್ಷ ಯಾವ ಹೊಂಡಕ್ಕೆ ಮೊದಲು ಬಲೆ ಇಳಿಸಬೇಕು, ಯಾವ ತಿರುವಿಗೆ ಉಬ್ಬು ಕೇಳಬೇಕು ಎಂಬುದು ಆ ಪುಟದಿಂದ ಗೊತ್ತಾಗುತ್ತದೆ.